ನಾಲ್ಕನೇ ಹಾಸಿಗೆಯಲ್ಲೊಬ್ಬ ನಿಜವಾದ ರೋಗಿ

ನರ್ಸಿಂಗ್ ಪರೀಕ್ಷೆಯ ಫಲಿತಾಂಶ ಬಂದ ದಿನವೇ ಬೀದಿಯವರು ಅವಳಿಗೆ ‘ನರ್ಸಮ್ಮ’ ಎಂಬ ಬಿರುದು ದಯಪಾಲಿಸಿಬಿಟ್ಟರು. ಬಿರುದು ಕೊಡುವುದರಲ್ಲಿ ಬೀದಿಯವರು ಯಾವತ್ತೂ ಧಾರಾಳಿಗಳು. ಬಿರುದಿಗೆ ತಕ್ಕ ಕೆಲಸ ಕೊಡುವ ಜವಾಬ್ದಾರಿಯನ್ನು ಮಾತ್ರ ಅವರು ಊರಿನ ಆಸ್ಪತ್ರೆಗಳಿಗೆ ಬಿಟ್ಟರು. ಆಸ್ಪತ್ರೆಗಳು ಅದನ್ನು ಒಂದಕ್ಕೊಂದು ಬಿಟ್ಟುಕೊಟ್ಟವು.

ಏಳು ತಿಂಗಳಲ್ಲಿ ನರ್ಸಮ್ಮ ಹದಿನಾಲ್ಕು ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದಿದ್ದಳು. ಎಲ್ಲ ಕಡೆಯೂ ಮೇಜಿನ ಆಚೆ ಕೂತವರು ಅವಳ ಅಂಕಪಟ್ಟಿ ನೋಡಿ ತಲೆದೂಗುತ್ತಿದ್ದರು. ಆಮೇಲೆ ಕತ್ತೆತ್ತಿ ಕೇಳುತ್ತಿದ್ದರು:

“ಅನುಭವ ಎಷ್ಟು?”

“ಇನ್ನೂ ಇಲ್ಲ ಸರ್.”

“ಅನುಭವ ಮಾಡ್ಕೊಂಡು ಬನ್ನಿ.”

“ಎಲ್ಲಿ ಮಾಡ್ಕೊಳ್ಳಲಿ ಸರ್?”

“ಯಾವುದಾದ್ರೂ ಆಸ್ಪತ್ರೇಲಿ.”

ಆಸ್ಪತ್ರೆಯೊಳಗೇ ಕೂತು ಈ ಮಾತನ್ನು ನಗದೆ ಹೇಳುವುದಕ್ಕೂ ಒಂದಿಷ್ಟು ಅನುಭವ ಬೇಕು. ಅದು ಅವರಲ್ಲಿತ್ತು.

ಅನುಭವ ಕೇಳದ ಕೆಲಸಗಳೂ ಇದ್ದವು, ಇಲ್ಲವೆಂದಲ್ಲ. ಒಂದು ಕಾರ್ಖಾನೆಯವರು ತಲೆನೋವೆಂದು ಬರುವ ಕೆಲಸಗಾರರಲ್ಲಿ ಯಾರದ್ದು ಸುಳ್ಳು ತಲೆನೋವು ಎಂದು ಪತ್ತೆಹಚ್ಚುವ ನರ್ಸ್ ಬೇಕೆಂದರು. ಇನ್ನೊಬ್ಬ ಶ್ರೀಮಂತರು ತಮ್ಮ ಮುದಿ ನಾಯಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವ, ಮತ್ತು ಕೊಟ್ಟದ್ದನ್ನು ನಾಯಿಗೆ ಗೊತ್ತಾಗದಂತೆ ನೋಡಿಕೊಳ್ಳುವ ನರ್ಸ್ ಬೇಕೆಂದರು. ಕೊನೆಯದು ಮುಖ ಹೊಳೆಯಿಸುವ ಒಂದು ಕ್ಲಿನಿಕ್ಕು. ಅಲ್ಲಿ ನರ್ಸಮ್ಮನ ಕೆಲಸ, ಚಿಕಿತ್ಸೆ ಮುಗಿದವರ ಕೈಗೆ ಕನ್ನಡಿ ಕೊಟ್ಟು, “ಅಬ್ಬ!” ಅನ್ನುವುದು. ಇಂಥ ಕೆಲಸಕ್ಕೂ ಹತ್ತು ಜನ ಕಾದಿದ್ದಾರೆ, ಸೋಮವಾರ ಮಧ್ಯಾಹ್ನದೊಳಗೆ ಒಪ್ಪಿಗೆ ತಿಳಿಸಿ ಎಂದು ಅವರು ಗಡುವು ಕೊಟ್ಟಿದ್ದರು.

“ಏಸಿ ಇದೆ, ಕೂತು ಮಾಡೋ ಕೆಲಸ. ರಕ್ತ ಇಲ್ಲ, ವಾಂತಿ ಇಲ್ಲ. ಇನ್ನೇನು ಬೇಕೇ ನಿಂಗೆ?” ಎಂದಳು ಅಮ್ಮ.

“ರೋಗಿಗಳು ಬೇಕಮ್ಮ” ಎಂದಳು ನರ್ಸಮ್ಮ. ಹಾಸಿಗೆಗಳ ಸಾಲು, ಪ್ರತಿ ಹಾಸಿಗೆಗೂ ಒಬ್ಬ ರೋಗಿ, ಕೈಯಲ್ಲೊಂದು ಚಾರ್ಟು. ಅವಳು ಓದಿದ್ದೆಲ್ಲ ಅಷ್ಟಕ್ಕೇ. ಕನ್ನಡಿ ಹಿಡಿಯುವುದನ್ನು ಯಾವ ಸೆಮಿಸ್ಟರಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಸಂಜೆ ಸೋದರಮಾವ ಬಂದರು. ಮಾವನಿಗೆ ಗೊತ್ತಿಲ್ಲದ ದೊಡ್ಡವರಿರಲಿಲ್ಲ. ಆ ದೊಡ್ಡವರಿಗೆ ಮಾವ ಗೊತ್ತೇ ಎಂದು ಮಾತ್ರ ಯಾರೂ ವಿಚಾರಿಸಿ ನೋಡಿರಲಿಲ್ಲ.

“ನಾಳೆ ಹತ್ತಕ್ಕೆ ದೊಡ್ಡಾಸ್ಪತ್ರೆಗೆ ಹೋಗು. ಡೈರೆಕ್ಟರ್ ಹತ್ರ ಮಾತಾಡಿದೀನಿ” ಎಂದರು ಮಾವ, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ.

“ಏನಂದ್ರು ಮಾವ?”

“ನೋಡೋಣ ಅಂದ್ರು.”

“ಅಷ್ಟೇನಾ?”

“ದೊಡ್ಡವರು ನೋಡೋಣ ಅಂದ್ರೆ ಆಯ್ತು ಅಂತಲೇ ಅರ್ಥ ಕಣೇ. ಒಂದು ಕೆಲಸ ಮಾಡು. ಯೂನಿಫಾರ್ಮ್ ಹಾಕ್ಕೊಂಡೇ ಹೋಗು. ನೋಡಿದ ಕೂಡ್ಲೇ, ಇವಳು ನಮ್ಮವಳೇ ಅನ್ನಿಸ್ಬೇಕು ಅವರಿಗೆ.”

ಮಾವ ಆವರೆಗೆ ಕೊಟ್ಟ ನೂರಾರು ಸಲಹೆಗಳಲ್ಲಿ ಹೇಳಿದಂತೆಯೇ ಫಲಿಸಿದ್ದು ಇದೊಂದೇ.

ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮಿನಲ್ಲಿ ನರ್ಸಮ್ಮ ಬಾಗಿಲು ದಾಟುವುದನ್ನೇ ಎದುರುಮನೆ ಆಂಟಿ ಕಾಯುತ್ತಿದ್ದಂತೆ ಕಂಡಿತು.

“ಡ್ಯೂಟಿಗೇನಮ್ಮ?”

ನರ್ಸಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮನ ಧ್ವನಿ ಬಂತು: “ಹೂಂ ರೀ, ದೊಡ್ಡಾಸ್ಪತ್ರೆಗೆ!”

ಆ ದಿನ ದೊಡ್ಡಾಸ್ಪತ್ರೆಯಲ್ಲಿ ತಪಾಸಣೆ. ವರ್ಷಕ್ಕೊಮ್ಮೆ ಹೊರಗಿನಿಂದ ಮೂವರು ತಜ್ಞರು ಬಂದು ಇಷ್ಟು ಹಾಸಿಗೆಗೆ ಇಷ್ಟು ನರ್ಸ್, ಇಷ್ಟು ರೋಗಿ, ಇಷ್ಟು ವೈದ್ಯರು ಇದ್ದಾರೆಯೇ ಎಂದು ತಲೆ ಎಣಿಸಿ ಪರವಾನಗಿ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಕಟ್ಟಡಕ್ಕೆ ಕೊರತೆ ಇರಲಿಲ್ಲ, ತಲೆಗಳದ್ದೇ ಕೊರತೆ. ಆದ್ದರಿಂದ ಆ ಒಂದು ದಿನದ ಮಟ್ಟಿಗೆ ತಲೆಗಳನ್ನು ತರಿಸಿಕೊಳ್ಳುವ ಏರ್ಪಾಡು ಬಹಳ ಕಾಲದಿಂದ ನಡೆದುಬಂದಿತ್ತು. ಇದು ನರ್ಸಮ್ಮನಿಗೆ ಗೊತ್ತಿರಲಿಲ್ಲ. ಗೇಟಿನ ಕಾವಲುಗಾರ ಅವಳನ್ನು ಕಂಡದ್ದೇ ಕೈಬೀಸಿ ಕರೆದ.

“ಏನ್ ಸಿಸ್ಟರ್, ಈಗ ಬರ್ತಿದೀರಾ? ಹಿಂದಿನ ಬಾಗಿಲಿಂದ ಹೋಗಿ, ಬೇಗ ಬೇಗ!”

“ನಾನು ಇಂಟರ್‌ವ್ಯೂಗೆ...”

“ಎಲ್ಲರೂ ಅದಕ್ಕೇ ಬಂದಿರೋದು, ನಡೀರಿ.”

ಹಿಂದಿನ ಬಾಗಿಲಲ್ಲಿ ಮೇಟ್ರನ್ ಒಂದು ಪಟ್ಟಿ ಹಿಡಿದು ನಿಂತಿದ್ದರು. ಅಗಲವಾದ ಹೆಂಗಸು, ಮುಖ ಕೆಂಪಗೆ, ಕತ್ತಿನ ನರ ಎದ್ದು ಕಾಣುತ್ತಿತ್ತು. ಎದುರಿಗೆ ಒಂಬತ್ತು ಜನ ಬಿಳಿ ಉಡುಪಿನವರು ಸಾಲಾಗಿ ನಿಂತಿದ್ದರು.

“ನಿನ್ನ ಯಾರಮ್ಮ ಕಳಿಸಿದ್ದು?”

“ಮಾವ ಮೇಡಂ.”

“ಯಾರದ್ದೋ ಒಬ್ಬರದ್ದು. ತಗೋ, ಚುಚ್ಕೋ.”

ಮೇಟ್ರನ್ ಕೊಟ್ಟ ಬಿಲ್ಲೆಯನ್ನು ನರ್ಸಮ್ಮ ಓದಿದಳು: ‘ಹಿರಿಯ ಶುಶ್ರೂಷಕಿ. ಅನುಭವ: ಎಂಟು ವರ್ಷ.’ ಏಳು ತಿಂಗಳಿಂದ ಊರೆಲ್ಲ ಹುಡುಕಿದರೂ ಸಿಗದಿದ್ದ ವಸ್ತು ಅರ್ಧ ನಿಮಿಷದಲ್ಲಿ ಅವಳ ಎದೆಯ ಮೇಲೆ ಸೂಜಿಯೊಂದಿಗೆ ಕೂತಿತು.

“ಮೇಡಂ, ಇದು ತಪ್ಪಾಗಿ...”

“ಎಂಟು ಸಾಲದಾ? ಹನ್ನೆರಡರದ್ದು ಖಾಲಿ ಆಯ್ತು. ಸುಮ್ನೆ ಹೋಗಿ ನಿಂತ್ಕೋ.”

ಅವಳು ಸಾಲಿನಲ್ಲಿ ನಿಂತಾಗ ಪಕ್ಕದವಳು ಪಿಸುಗುಟ್ಟಿದಳು: “ನಾನು ಬಟ್ಟೆ ಅಂಗಡೀಲಿ ಇರೋದು. ಈ ಥರ್ಮಾಮೀಟರ್ ಯಾವ ತುದಿ ಬಾಯಿಗೆ ಇಡೋದು?”

ನರ್ಸಮ್ಮನಿಗೆ ಆಗ ಎಲ್ಲ ಅರ್ಥವಾಯಿತು. ಅಂದರೆ ಏನೂ ಅರ್ಥವಾಗಲಿಲ್ಲ, ಆದರೆ ಆದಂತೆ ತೋಚಿತು. ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯಲ್ಲೂ ಹೀಗೆಯೇ ಇರುತ್ತಿತ್ತು: ಜೂನಿಯರ್‌ಗಳನ್ನು ಹಾಸಿಗೆಯಲ್ಲಿ ಮಲಗಿಸಿ ಇಲ್ಲದ ರೋಗ ಹೇಳಿಕೊಟ್ಟಿರುತ್ತಿದ್ದರು, ಮೂಲೆಯಲ್ಲಿ ನಿಂತ ಪರೀಕ್ಷಕರು ಗುರುತು ಹಾಕಿಕೊಳ್ಳುತ್ತಿದ್ದರು. ಇದೂ ಅಂಥದ್ದೇ. ಪಕ್ಕದವಳು ಬೇಕೆಂದೇ ತಪ್ಪು ಪ್ರಶ್ನೆ ಕೇಳಿ ತನ್ನನ್ನು ಪರೀಕ್ಷಿಸುತ್ತಿದ್ದಾಳೆ. ನರ್ಸಮ್ಮ ಥರ್ಮಾಮೀಟರಿನ ಸರಿಯಾದ ತುದಿಯನ್ನು ಶಾಂತವಾಗಿ ತೋರಿಸಿ, ಕೈ ತೊಳೆದುಕೊಂಡು ವಾರ್ಡಿಗೆ ನಡೆದಳು.

ಹತ್ತು ಹಾಸಿಗೆ, ಒಂದು ಬಿಟ್ಟು ಎಲ್ಲದರಲ್ಲೂ ರೋಗಿಗಳು. ಅವಳ ಏಳು ತಿಂಗಳ ಕನಸು ಸಾಲಾಗಿ ಹೊದ್ದು ಮಲಗಿತ್ತು. ಒಂದನೆಯ ಹಾಸಿಗೆಯಲ್ಲಿ ಲಿಫ್ಟ್ ನಡೆಸುವವನು ನ್ಯುಮೋನಿಯಾ ಆಗಿ ಮಲಗಿ ಪೇಪರು ಓದುತ್ತಿದ್ದ. ಎರಡನೆಯದರಲ್ಲಿ ತೋಟದ ಮಾಲಿ, ಕಾಲಿನ ಮಣ್ಣು ತೊಳೆಯಲು ಪುರುಸೊತ್ತಾಗದೆ ಹಾಗೆಯೇ ಅಪೆಂಡಿಕ್ಸ್ ತೆಗೆಸಿಕೊಂಡಿದ್ದ. ನಾಲ್ಕನೆಯದರಲ್ಲಿ ಕ್ಯಾಂಟೀನಿನ ಅಡುಗೆಯವನು. ಐವತ್ತು ದಾಟಿದ ದಪ್ಪ ಮನುಷ್ಯ. ಫೈಲಿನಲ್ಲಿ ‘ಹೊಟ್ಟೆನೋವು’ ಎಂದು ಬರೆದಿತ್ತು.

“ಯಜಮಾನ್ರೇ, ಹೇಗಿದೀರಾ? ಕೈ ಕೊಡಿ, ಬಿಪಿ ನೋಡ್ತೀನಿ” ಎಂದಳು ನರ್ಸಮ್ಮ, ಪುಸ್ತಕದಲ್ಲಿ ಬರೆದಷ್ಟೇ ಮುಗುಳ್ನಗುತ್ತ.

“ನೋಡಿದಂಗೆ ಮಾಡಿ ಬಿಡು ತಾಯಿ. ನಂಗೇನೂ ಇಲ್ಲ, ನಾನು ಅಡುಗೆಯವನು.”

ರೋಗ ಒಪ್ಪದ ರೋಗಿ. ಇದಕ್ಕೆ ಐದು ಅಂಕ ಎಂದುಕೊಂಡು ನರ್ಸಮ್ಮ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಇನ್ನೂರ ಹತ್ತು, ನೂರಿಪ್ಪತ್ತು. ಯಂತ್ರ ತಪ್ಪಿರಬೇಕೆಂದು ಇನ್ನೊಂದು ತೋಳಿಗೆ ಸುತ್ತಿದಳು. ಇನ್ನೂರ ಹನ್ನೆರಡು. ಬೇರೆ ಯಂತ್ರ ತಂದಳು. ಅದೂ ಅದನ್ನೇ ಹೇಳಿತು.

“ತಲೆನೋವು ಇದೆಯಾ?”

“ಒಂದು ವಾರದಿಂದ ಸಿಡೀತಿದೆ. ಒಲೆ ಮುಂದೆ ನಿಂತ್ರೆ ಇನ್ನೇನಾಗುತ್ತೆ?”

“ಕಣ್ಣು?”

“ಮಂಜು ಮಂಜು. ಹೊಗೆ.”

“ಗ್ಯಾಸ್ ಒಲೆ ಅಲ್ವಾ ಯಜಮಾನ್ರೇ?”

ಅಡುಗೆಯವನು ಕಣ್ಣು ಉಜ್ಜಿಕೊಂಡ. “ಹೌದಲ್ಲ!” ಎಂದ.

ನರ್ಸಮ್ಮ ಬಿರಬಿರನೆ ಹೋಗಿ ವಾರ್ಡಿನ ಬಾಗಿಲಲ್ಲಿ ಬಿಳಿ ಕೋಟು ತೊಟ್ಟು ನಿಂತಿದ್ದ ಡಾಕ್ಟರನ್ನು ಕರೆತಂದಳು. ಡಾಕ್ಟರು ಬಿಪಿ ಯಂತ್ರವನ್ನು ಹಾವು ನೋಡಿದಂತೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಅವಳ ಕಿವಿಯಲ್ಲಿ ಉಸುರಿದರು: “ಸಿಸ್ಟರ್, ನಾನು ಬಿಲ್ಲಿಂಗ್ ಸೆಕ್ಷನ್.”

“ಅಂದ್ರೆ?”

“ಅಂದ್ರೆ ಗುಣ ಆದ್ಮೇಲೆ ನನ್ನ ಕೆಲಸ.”

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ ಎದ್ದಿತು. ಸೋದರಸೊಸೆಯ ಇಂಟರ್‌ವ್ಯೂ ಎಲ್ಲಿಯವರೆಗೆ ಬಂತೆಂದು ವಿಚಾರಿಸಲು ಮಾವ ಸ್ವತಃ ದಯಮಾಡಿಸಿದ್ದರು. ಏಳನೆಯ ಹಾಸಿಗೆಯ ರೋಗಿಯಾಗಬೇಕಿದ್ದವನು ಬಂದಿರಲಿಲ್ಲ. ಕಾವಲುಗಾರ ಮಾವನ ರಟ್ಟೆ ಹಿಡಿದು ಒಳಗೆ ತಂದಿದ್ದ.

“ಏಯ್, ನಾನ್ಯಾರು ಗೊತ್ತೇನಯ್ಯಾ? ನಿಮ್ಮ ಡೈರೆಕ್ಟ್ರು ನಂಗೆ ತೀರಾ ಬೇಕಾದವರು!”

“ಹಾಗಾದ್ರೆ ಅವರಿಗೋಸ್ಕರ ಒಂದು ಗಂಟೆ ಮಲಗಿ ಸ್ವಾಮಿ” ಎಂದರು ಮೇಟ್ರನ್. ಡೈರೆಕ್ಟರಿಗೆ ಇಷ್ಟು ಹತ್ತಿರದಿಂದ ಉಪಕಾರ ಮಾಡುವ ಅವಕಾಶ ಮಾವನಿಗೆ ಹಿಂದೆಂದೂ ಒದಗಿರಲಿಲ್ಲ. ಎರಡು ನಿಮಿಷದಲ್ಲಿ ಅವರ ಬಲಗಾಲಿಗೆ ಸೊಂಟದವರೆಗೆ ಬ್ಯಾಂಡೇಜು ಸುತ್ತಿಯಾಗಿತ್ತು.

ನರ್ಸಮ್ಮ ಮೇಟ್ರನ್ನರ ಸೆರಗು ಹಿಡಿಯುವುದೊಂದೇ ಬಾಕಿ. “ಮೇಡಂ, ನಾಲ್ಕನೇ ಬೆಡ್ಡಿಗೆ ಬಿಪಿ ಇನ್ನೂರ ಹತ್ತು! ಡಾಕ್ಟ್ರು ಬೇಕು!”

“ಫೈಲಲ್ಲಿ ಏನಿದೆ?”

“ಹೊಟ್ಟೆನೋವು.”

“ಮತ್ತೆ? ಇವತ್ತು ಅವನಿಗೆ ಹೊಟ್ಟೆನೋವು ಅಷ್ಟೇ. ಬೇರೆ ರೋಗ ಏನಾದ್ರೂ ಇದ್ರೆ ನಾಳೆ ನೋಡೋಣ. ಅವರು ಬಂದು ಹೋದ ತಕ್ಷಣ ಅವನನ್ನ ಎಬ್ಬಿಸಿ ಅಡುಗೆ ಮನೆಗೆ ಕಳಿಸು. ತಜ್ಞರ ಊಟ ಅವನೇ ಮಾಡ್ಬೇಕು.”

“ಇವರು ಎದ್ದು ನಿಲ್ಲೋ ಹಾಗಿಲ್ಲ ಮೇಡಂ.”

“ಏನಂದೆ?”

ಇದು ಪರೀಕ್ಷೆಯ ಕೊನೆಯ ಪ್ರಶ್ನೆ ಎಂದು ನರ್ಸಮ್ಮನಿಗೆ ಗ್ಯಾರಂಟಿಯಾಗಿತ್ತು: ಮೇಲಿನವರು ಒತ್ತಾಯಿಸಿದಾಗ ನರ್ಸ್ ರೋಗಿಯ ಪರ ನಿಲ್ಲುತ್ತಾಳೋ ಇಲ್ಲವೋ. ಅವಳು ಹೋಗಿ ನಾಲ್ಕನೆಯ ಹಾಸಿಗೆಯ ಪಕ್ಕದ ಕಂಬಿಯನ್ನು ಎತ್ತಿ ಕಟ್ಟಿ, ಅದರ ಮುಂದೆ ನಿಂತಳು.

ಆಗಲೇ ತಜ್ಞರು ಒಳಗೆ ಬಂದರು. ಮುಂದೆ ಒಬ್ಬ ವಯಸ್ಸಾದ ಲೇಡಿ ಡಾಕ್ಟರು, ಮೂಗಿನ ತುದಿಯಲ್ಲಿ ಕನ್ನಡಕ. ಹಿಂದೆ ಇಬ್ಬರು. ಮೂವರ ಕೈಯಲ್ಲೂ ಹಲಗೆ, ಹಲಗೆಯಲ್ಲಿ ಹಾಳೆ. ಒಂದನೆಯ ಹಾಸಿಗೆಗೆ ಗುರುತು ಬಿತ್ತು. ಎರಡನೆಯದಕ್ಕೂ ಬಿತ್ತು. ಆಮೇಲೆ ನಡುವಿನವನ್ನು ಬಿಟ್ಟು ಏಳನೆಯದರ ಕಡೆ ಅವರ ಗಮನ ಹರಿದದ್ದು ಅಲ್ಲಿಂದ ಕೇಳಿಬರುತ್ತಿದ್ದ ನರಳಾಟದಿಂದ. ಮಾವ ಒಪ್ಪಿಕೊಂಡ ಕೆಲಸವನ್ನು ಅರೆಮನಸ್ಸಿನಿಂದ ಮಾಡುವವರಲ್ಲ.

“ಫೈಲಲ್ಲಿ ಎಡಗಾಲು ಮುರಿತ ಅಂತಿದೆಯಲ್ಲ?” ಎಂದರು ಲೇಡಿ ಡಾಕ್ಟರು.

“ಎಡಗಾಲು ಇಲ್ಲಿನ ಚಿಕಿತ್ಸೆಗೆ ನಿನ್ನೇನೇ ವಾಸಿ ಆಯ್ತು ಮೇಡಂ” ಎಂದರು ಮಾವ. “ಇದು ಬೇರೆ ಕಾಲು. ಅಷ್ಟು ಚೆನ್ನಾಗಿ ನೋಡ್ಕೊಂಡ್ರಲ್ಲ ಅಂತ ಇದನ್ನೂ ಇಲ್ಲಿಗೇ ತಂದೆ.”

ಲೇಡಿ ಡಾಕ್ಟರು ಏನೋ ಬರೆದುಕೊಳ್ಳಹೊರಟರು. ಅಷ್ಟರಲ್ಲಿ ನರ್ಸಮ್ಮ ಅವರೆದುರು ಬಂದು ನಿಂತಳು. “ಮೇಡಂ, ನೀವು ನಿಜವಾದ ಡಾಕ್ಟ್ರಾ?”

ಬಿಲ್ಲಿಂಗಿನವರು ಗೋಡೆಗೆ ಅಂಟಿದರು. ಮೇಟ್ರನ್ನರ ಕತ್ತಿನ ನರ ಇನ್ನೊಂದು ಬೆರಳಷ್ಟು ಉಬ್ಬಿತು.

“ನಲವತ್ತು ವರ್ಷದಿಂದ. ಯಾಕೆ?”

“ನಾಲ್ಕನೇ ಬೆಡ್ಡಿಗೆ ಇನ್ನೂರ ಹತ್ತು, ನೂರಿಪ್ಪತ್ತು ಇದೆ. ಒಂದು ವಾರದಿಂದ ತಲೆನೋವು, ಕಣ್ಣು ಮಂಜು. ಎರಡು ಯಂತ್ರದಲ್ಲಿ ಎರಡು ಕೈಗೂ ನೋಡಿದೀನಿ. ದಯವಿಟ್ಟು ಬನ್ನಿ.”

ಲೇಡಿ ಡಾಕ್ಟರು ಹಲಗೆಯನ್ನು ಹಿಂದಿನವರ ಕೈಗಿಟ್ಟು ಬಂದರು. ತಾವೇ ನೋಡಿದರು. ಕಣ್ಣಿಗೆ ಟಾರ್ಚು ಹಾಕಿದರು. ಆಮೇಲೆ ಅವರ ಧ್ವನಿ ಬದಲಾಯಿತು; ಔಷಧಿಯ ಹೆಸರುಗಳು ಒಂದರ ಹಿಂದೊಂದು ಬಂದವು. ನರ್ಸಮ್ಮ ಓಡಿದಳು, ತಂದಳು, ಕೊಟ್ಟಳು, ಬರೆದಳು. ಅಡುಗೆಯವನು ಒಮ್ಮೆ ಮಾತ್ರ ತಲೆಯೆತ್ತಿ, “ಒಲೆ ಮೇಲೆ ಎಸರಿಟ್ಟು ಬಂದಿದೀನಿ” ಎಂದ. ಅವನನ್ನು ಮತ್ತೆ ಮಲಗಿಸಿದರು.

“ಇನ್ನೊಂದು ದಿನ ಹೀಗೇ ಬಿಟ್ಟಿದ್ರೆ ಇವರ ಗತಿ ಏನಾಗ್ತಿತ್ತೋ” ಎಂದರು ಲೇಡಿ ಡಾಕ್ಟರು. “ಹೊಟ್ಟೆನೋವು ಅಂತ ಬಂದವರಲ್ಲಿ ಇದನ್ನ ಹೇಗೆ ಪತ್ತೆ ಮಾಡಿದ್ರಿ?”

ಮೇಟ್ರನ್ ಆ ಹುದ್ದೆಗೆ ಸುಮ್ಮನೆ ಬಂದವರಲ್ಲ. “ಅದು ನಮ್ಮಲ್ಲಿ ಪದ್ಧತಿ ಮೇಡಂ” ಎಂದರು, ಕೈಕಟ್ಟಿ. “ಫೈಲಲ್ಲಿ ಬರೆದಿರೋದನ್ನ ನಮ್ಮ ನರ್ಸ್‌ಗಳು ಯಾವತ್ತೂ ನಂಬಲ್ಲ.”

ಆಸ್ಪತ್ರೆಗೆ ಆ ವರ್ಷ ಹಿಂದೆಂದೂ ಬಾರದಷ್ಟು ಅಂಕ ಬಂತು. ಊಟ ಮಾತ್ರ ಬರಲಿಲ್ಲ. ಅಡುಗೆಮನೆಯಲ್ಲಿ ಎಸರು ಬತ್ತಿ ಪಾತ್ರೆ ಕರಿಯಾಗಿತ್ತು. ಲೇಡಿ ಡಾಕ್ಟರು ಹೋಗುವಾಗ, “ಗುರುವಾರ ಮತ್ತೆ ಬಂದು ಈ ರೋಗೀನ ನೋಡ್ತೀನಿ. ಈ ನರ್ಸೇ ನೋಡ್ಕೊಂಡಿರ್ಬೇಕು” ಎಂದು ಬರೆದಿಟ್ಟು ಹೋದರು.

ಸಂಜೆ ಎಲ್ಲರೂ ಬಿಲ್ಲೆ ಬಿಚ್ಚಿ ಬುಟ್ಟಿಗೆ ಹಾಕಿದರು. ನರ್ಸಮ್ಮನೂ ಎಂಟು ವರ್ಷವನ್ನು ಹಿಂದಿರುಗಿಸಿ, ನೇಮಕಾತಿಯವರ ಕೋಣೆಗೆ ಹೋಗಿ ಕೇಳಿದಳು: “ಸರ್, ಪರೀಕ್ಷೆ ಮುಗೀತು. ಫಲಿತಾಂಶ?”

ಯಾವ ಪರೀಕ್ಷೆ ಎಂದು ತಿಳಿಯಲು ನೇಮಕಾತಿಯವರಿಗೆ, ಯಾವುದೂ ಪರೀಕ್ಷೆಯಲ್ಲ ಎಂದು ತಿಳಿಯಲು ನರ್ಸಮ್ಮನಿಗೆ ತಲಾ ಐದು ನಿಮಿಷ ಹಿಡಿಯಿತು. ಅವಳು ಬ್ಯಾಗು ತೆರೆದು ಕಾಗದಗಳನ್ನು ಮುಂದಿಟ್ಟಳು. ಅವರು ಅವಳ ಅಂಕಪಟ್ಟಿ ನೋಡಿ ತಲೆದೂಗಿದರು.

“ಅನುಭವ ಎಷ್ಟು?”

“ಇವತ್ತು ಒಂದು ದಿನ ಸರ್.”

“ಅದು ಲೆಕ್ಕಕ್ಕಿಲ್ಲ. ಇವತ್ತು ನೀವು ಇಲ್ಲಿ ಇರಲೇ ಇಲ್ಲ.” ಆದರೆ ಗುರುವಾರದ ಭಯ ಅವರಿಗೂ ಇತ್ತು. ಬಹಳ ಹೊತ್ತು ಯೋಚಿಸಿ ಒಂದು ಚೀಟಿ ಬರೆದುಕೊಟ್ಟರು: ‘ನಾಲ್ಕನೆಯ ಹಾಸಿಗೆಯ ರೋಗಿ ಗುಣವಾಗುವವರೆಗೆ ಮಾತ್ರ.’

ಮನೆಯಲ್ಲಿ ಆ ವಾಕ್ಯವನ್ನು ಮೂರು ಸಲ ಓದಿದರು.

“ಅವನಿಗೆ ಎಷ್ಟು ದಿನಕ್ಕೆ ಗುಣ ಆಗುತ್ತೆ?” ಎಂದಳು ಅಮ್ಮ.

“ಚೆನ್ನಾಗಿ ನೋಡ್ಕೊಂಡ್ರೆ ಮೂರು ನಾಲ್ಕು ದಿನ.”

“ಅಷ್ಟು ಚೆನ್ನಾಗಿ ಯಾಕೆ ನೋಡ್ಕೋತೀಯ?”

“ಅಮ್ಮಾ!”

“ಅಲ್ಲ ಕಣೇ, ಸಾಯ್ಲಿ ಅಂದೆನಾ? ನಿಧಾನಕ್ಕೆ ಆಗ್ಲಿ ಅಂದೆ. ಕನ್ನಡಿ ಕ್ಲಿನಿಕ್ಕಿನವರ ಕಾಲು ಹಿಡಿದು ಶುಕ್ರವಾರದವರೆಗೆ ಟೈಮ್ ತಗೊಂಡಿದೀನಿ. ಅವನೇನಾದ್ರೂ ಗುರುವಾರ ಎದ್ದು ಓಡಾಡಿದ್ರೆ ನೀನು ಶುಕ್ರವಾರದಿಂದ ‘ಅಬ್ಬ’ ಅನ್ನೋಕೆ ಹೋಗು.”

ಮಾವ, ಇನ್ನೂ ಬ್ಯಾಂಡೇಜು ಬಿಚ್ಚುತ್ತಿದ್ದವರು, “ಅವನ ಊಟಕ್ಕೆ ಉಪ್ಪು ಒಂದು ಚೂರು ಜಾಸ್ತಿ ಹಾಕಿದ್ರೆ...” ಎಂದು ಶುರುಮಾಡಿ, ಸೊಸೆಯ ಮುಖ ನೋಡಿ ಬ್ಯಾಂಡೇಜಿಗೆ ಹಿಂದಿರುಗಿದರು.

ಮರುದಿನದಿಂದ ಇಡೀ ಬೀದಿಗೆ ಒಬ್ಬ ಅಪರಿಚಿತ ಅಡುಗೆಯವನ ಆರೋಗ್ಯದ ಚಿಂತೆ ಹತ್ತಿತು.

“ಇವತ್ತು ಹೇಗಿದಾನಮ್ಮ ಅವನು?” ಎಂದು ಎದುರುಮನೆ ಆಂಟಿ ಬಾಗಿಲಲ್ಲೇ ಹಿಡಿದು ಕೇಳಿದರು.

“ನೂರ ಎಪ್ಪತ್ತಕ್ಕೆ ಇಳೀತು ಆಂಟಿ.”

“ಅಯ್ಯೋ ಪಾಪ! ಧೈರ್ಯ ತಗೋಮ್ಮ.”

ಬುಧವಾರ ನೂರ ಐವತ್ತಾಯಿತು. ಅಮ್ಮ ಅನ್ನ ಬಿಟ್ಟಳು. ನರ್ಸಮ್ಮ ಮಾತ್ರ ಹದಿನೈದು ನಿಮಿಷಕ್ಕೊಮ್ಮೆ ನೋಡಿದಳು, ಬರೆದಳು, ಅಡುಗೆಯವನಿಗೆ ಉಪ್ಪಿನ ಪಾಠ ಹೇಳಿದಳು, ಅವನು ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಹುಡುಕಿ ನುಂಗಿಸಿದಳು. ತಾನು ಕೂತ ಕೊಂಬೆಯನ್ನು ಇಷ್ಟು ಅಚ್ಚುಕಟ್ಟಾಗಿ, ಹೊತ್ತಿಗೆ ಸರಿಯಾಗಿ, ಚಾರ್ಟಿನಲ್ಲಿ ಗುರುತು ಹಾಕುತ್ತ ಕಡಿದವರು ಅಪರೂಪ.

ಗುರುವಾರ ಬೆಳಗ್ಗೆ ನೂರ ಮೂವತ್ತೆರಡು, ಎಂಬತ್ತನಾಲ್ಕು. ನರ್ಸಮ್ಮ ಎರಡು ಸಲ ನೋಡಿದಳು. ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಇದ್ದದ್ದನ್ನೇ ಬರೆದಳು. ಲೇಡಿ ಡಾಕ್ಟರು ಬಂದು ನೋಡಿ, “ಭೇಷ್, ಮನೆಗೆ ಹೋಗಬಹುದು” ಎಂದು ಸಹಿ ಹಾಕಿ ಹೋದರು. ಅಡುಗೆಯವನಿಗೆ ಹೇಳಿದ ಆ ಮಾತು ನರ್ಸಮ್ಮನಿಗೂ ಸೇರಿಯೇ ಇತ್ತು.

ಅವಳು ಹಾಸಿಗೆಯ ಹೊದಿಕೆ ಬದಲಿಸಿ, ಬ್ಯಾಗು ತಗಲಿಸಿಕೊಂಡು ತಿರುಗಿದರೆ, ಬಾಗಿಲಲ್ಲಿ ಲಿಫ್ಟಿನವನು ನಿಂತಿದ್ದ. ತೋಳು ಮಡಿಸಿದ್ದ.

“ಸಿಸ್ಟರ್, ನಂಗೂ ಒಂಚೂರು ನೋಡ್ತೀರಾ? ಹನ್ನೊಂದು ವರ್ಷದಿಂದ ರೋಗಿಗಳನ್ನ ಮೇಲೆ ಕೆಳಗೆ ಕರ್ಕೊಂಡು ಹೋಗ್ತಿದೀನಿ, ನನ್ನನ್ನ ಯಾರೂ ನೋಡಿಲ್ಲ.”

ಅವನ ಹಿಂದೆ ಮಾಲಿ, ಮಾಲಿಯ ಹಿಂದೆ ಬಿಲ್ಲಿಂಗಿನವರು, ಅವರ ಹಿಂದೆ ಕಾವಲುಗಾರ, ಗುಡಿಸುವವಳು, ಬಟ್ಟೆ ಒಗೆಯುವವಳು. ಸಾಲು ಮೆಟ್ಟಿಲಿನವರೆಗೆ ಹೋಗಿತ್ತು. ನರ್ಸಮ್ಮ ಬ್ಯಾಗು ಕೆಳಗಿಟ್ಟಳು. ಮಧ್ಯಾಹ್ನದೊಳಗೆ ಲಿಫ್ಟಿನವನಿಗೆ ಸಕ್ಕರೆ ಕಾಯಿಲೆ ಸಿಕ್ಕಿತು, ಗುಡಿಸುವವಳಿಗೆ ರಕ್ತಹೀನತೆ, ಮಾಲಿಯ ಕಾಲಲ್ಲಿ ಮಣ್ಣಿನ ಕೆಳಗೆ ವಾಸಿಯಾಗದ ಒಂದು ಹುಣ್ಣು. ಮೂರು ದಿನದ ಹಿಂದೆ ಸುಳ್ಳಿಗೆ ಮಲಗಿದ್ದ ಹಾಸಿಗೆಗಳಿಗೇ ಅವರು ಒಬ್ಬೊಬ್ಬರಾಗಿ, ನಾಚಿಕೊಳ್ಳುತ್ತ, ನಿಜಕ್ಕೆ ಬಂದು ಮಲಗಿದರು.

“ಏನಿದು ಜಾತ್ರೆ?” ಎನ್ನುತ್ತ ಮೇಟ್ರನ್ ಬಂದರು. ಕೈಯಲ್ಲಿ ನರ್ಸಮ್ಮನನ್ನು ಬಿಡುಗಡೆ ಮಾಡುವ ಕಾಗದ. “ನಿನ್ನ ರೋಗಿ ಹೋದ. ಸಹಿ ಹಾಕಿ ನೀನೂ ಹೊರಡು.”

ನರ್ಸಮ್ಮ ಕಾಗದ ತೆಗೆದುಕೊಂಡಳು. ಮೇಟ್ರನ್ ಅಲ್ಲಿಯೇ ನಿಂತಿದ್ದರು. ವಾರ್ಡನ್ನೊಮ್ಮೆ ನೋಡಿದರು, ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ನಾಲ್ಕನೆಯ ಹಾಸಿಗೆಯ ಸುತ್ತಲಿನ ಪರದೆ ಎಳೆದು, ಅಂಚಿನಲ್ಲಿ ಕೂತು, ತೋಳು ಮುಂದೆ ಚಾಚಿದರು.

“ಸುಮ್ನೆ, ಒಂದ್ಸಲ. ಯಾರಿಗೂ ಹೇಳ್ಬೇಡ.”

ನರ್ಸಮ್ಮ ಪಟ್ಟಿ ಸುತ್ತಿದಳು. ನೋಡಿದಳು. ಇನ್ನೊಂದು ತೋಳಿಗೆ ಸುತ್ತಿದಳು. ಮತ್ತೆ ನೋಡಿದಳು.

“ಮಲಗಿ ಮೇಡಂ.”

“ಎಷ್ಟಿದೆ?”

“ಮೊದಲು ಮಲಗಿ.”

ಮೇಟ್ರನ್ ಮಲಗಿದರು. ನರ್ಸಮ್ಮ ಅವರ ಚಪ್ಪಲಿ ಕಳಚಿ ಕೆಳಗಿಟ್ಟು, ಹೊದಿಕೆ ಎಳೆದು, ಬಿಡುಗಡೆಯ ಕಾಗದದ ಹಿಂಬದಿಯಲ್ಲಿ ಹೊತ್ತು ಹಾಕಿ ಒಂದು ಅಂಕಿ ಬರೆದಳು.

“ಅಲ್ಲಮ್ಮ, ನಾನು ಹೀಗೆ ಮಲಗಿದ್ರೆ” ಎಂದರು ಮೇಟ್ರನ್, ಸಣ್ಣ ಧ್ವನಿಯಲ್ಲಿ, ಚಾವಣಿ ನೋಡುತ್ತ, “ಇಷ್ಟು ಜನ ರೋಗಿಗಳನ್ನ ನೋಡ್ಕೊಳ್ಳೋರು ಯಾರು?”

“ಮಾತಾಡ್ಬೇಡಿ ಮೇಡಂ” ಎಂದಳು ನರ್ಸಮ್ಮ. “ನಾಡಿ ಎಣಿಸ್ತಿದೀನಿ.”